ಸ್ಥಾವರ ನಿಂತಾಗ ಇಳಿದ ಗೆರೆ

ನಿವೃತ್ತನಾಗಿ ತೆಲುಗು ಸೀಮೆಯ ಗಡಿಯ ನಮ್ಮೂರು ಮಕ್ತಲಕ್ಕೆ ಬಂದ ಮೇಲೆ, ಬಸ್‌ಸ್ಟ್ಯಾಂಡಿನ ಎದುರಿನ ಚಹಾದಂಗಡಿಯಲ್ಲಿ ವಾರಕ್ಕೊಬ್ಬರಾದರೂ ನನ್ನನ್ನು ಕೇಳುತ್ತಾರೆ: "ಬೀರಪ್ಪಣ್ಣ, ಅಷ್ಟು ವರ್ಸ ಅಲ್ಲಿ ಏನ್ ಮಾಡ್ತಿದ್ರಿ?" ನ್ಯೂಟ್ರಿನೋ ಹಿಡಿಯುತ್ತಿದ್ದೆವು ಎನ್ನುತ್ತೇನೆ. "ಅದು ಹೆಂಗಿರ್ತದ?" ಕಾಣುವುದಿಲ್ಲ. "ಮುಟ್ಟಿದ್ರ?" ಮುಟ್ಟಲು ಬರುವುದಿಲ್ಲ. "ಎಷ್ಟು ಸಿಗತಿದ್ವು?" ದಿನಕ್ಕೆ ಒಂದಿಷ್ಟು, ಅದೂ ಸಿಕ್ಕವೆಂದು ಆಣೆ ಮಾಡಿ ಹೇಳಲಾಗದು. ಆಮೇಲೆ ಅವರು ನನಗೂ ಒಂದು ಚಹಾ ಹೇಳುತ್ತಾರೆ. ಸರಕಾರಿ ನೌಕರಿಯ ಬಗ್ಗೆ ಅವರಿಗೆ ಮೊದಲಿಂದ ಇದ್ದ ಅಭಿಪ್ರಾಯ ಇನ್ನಷ್ಟು ಗಟ್ಟಿಯಾಗಿರುತ್ತದೆ.

ಇದನ್ನು ಬರೆಯುತ್ತಿರುವುದು ಅವರಿಗಾಗಿ ಅಲ್ಲ. ಐಟಿಐ, ಡಿಪ್ಲೊಮಾ ಮುಗಿಸಿ ಇಂಥ ಕೆಲಸಕ್ಕೆ ಹೊಸದಾಗಿ ಸೇರುವವರಿಗಾಗಿ. ಬಡ್ತಿ, ಪ್ರಶಸ್ತಿಪತ್ರಗಳ ವಿಷಯ ಬಿಡುತ್ತೇನೆ. ಅವು ನನ್ನ ಸೇವಾಪುಸ್ತಕದಲ್ಲಿವೆ, ಅಲ್ಲಿಯೇ ಇರಲಿ. ಕೇಂದ್ರದ ಹೆಸರನ್ನೂ ಬರೆಯುವುದಿಲ್ಲ, ಬರೆಯುವುದಿಲ್ಲವೆಂದು ಸಹಿ ಮಾಡಿಕೊಟ್ಟು ಬಂದಿದ್ದೇನೆ. ಕಡಲ ದಂಡೆಯ ಒಂದು ಅಣುಸ್ಥಾವರ ಎಂದುಕೊಂಡರೆ ಸಾಕು. ನಾನು ಹೇಳಬೇಕಾದದ್ದು ನನ್ನ ಒಂದು ತಪ್ಪಿನ ವಿಷಯ. ಆ ತಪ್ಪಿನಿಂದ ಒಬ್ಬ ಒಳ್ಳೆಯ ವಿಜ್ಞಾನಿಯ ಹೆಸರಿನಲ್ಲಿ ಒಂದು ಸುಳ್ಳು ಹತ್ತೂರಿಗೆ ಹೋಗುವುದರಲ್ಲಿತ್ತು. ಅಲ್ಲಿಗೆ ಬರುವ ಮೊದಲು ಕೆಲಸ ಏನೆಂದು ತಿಳಿಯಬೇಕು.

ಸ್ಥಾವರದೊಳಗೆ ಯುರೇನಿಯಂ ಒಡೆಯುತ್ತದೆ. ಒಡೆದ ಚೂರುಗಳು ಸುಮ್ಮನೆ ಕೂರುವುದಿಲ್ಲ. ಅವು ಒಂದು ನೆಲೆಗೆ ಬರುವಷ್ಟರಲ್ಲಿ ಒಂದೊಂದು ಒಡೆತಕ್ಕೆ ಐದಾರು ಆಂಟಿನ್ಯೂಟ್ರಿನೋಗಳು ಹೊರಬೀಳುತ್ತವೆ. ಅವಕ್ಕೆ ಗೋಡೆ ಗೊತ್ತಿಲ್ಲ, ಗೇಟಿನ ಸಿಪಾಯಿ ಗೊತ್ತಿಲ್ಲ. ಕಾಂಕ್ರೀಟು, ಉಕ್ಕು, ನಾವು, ಭೂಮಿ, ಎಲ್ಲವನ್ನೂ ದಾಟಿ ಹೋಗುತ್ತವೆ. ಕೋಟಿ ಕೋಟಿಗಳಲ್ಲಿ ಎಲ್ಲೋ ಒಂದು ಮಾತ್ರ ನಮ್ಮ ಪ್ಲಾಸ್ಟಿಕ್ ದಂಡದೊಳಗಿನ ಪ್ರೋಟಾನಿಗೆ ಡಿಕ್ಕಿ ಹೊಡೆಯುತ್ತದೆ. ಆಗ ದಂಡದಲ್ಲಿ ಒಂದು ಮಿಣುಕು, ಅದರ ಬೆನ್ನಿಗೇ ಇನ್ನೊಂದು. ಮೊದಲನೆಯದು ಪಾಸಿಟ್ರಾನಿನದು. ಎರಡನೆಯದು ನ್ಯೂಟ್ರಾನಿನದು, ಅದು ಸ್ವಲ್ಪ ಅಲೆದಾಡಿ, ದಂಡಕ್ಕೆ ಸುತ್ತಿದ ಹಾಳೆಯಲ್ಲಿರುವ ಗ್ಯಾಡೋಲಿನಿಯಂ ಎಂಬ ಲೋಹಕ್ಕೆ ಸಿಕ್ಕಿಬಿದ್ದಾಗ ಬರುವುದು. ಎರಡೂ ಮಿಣುಕು ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತ ಎಷ್ಟೋ ಕಡಿಮೆ ಹೊತ್ತಿನಲ್ಲಿ ಒಂದರ ಹಿಂದೊಂದು ಬಂದರೆ ಅದನ್ನು ಜೋಡಿ ಎನ್ನುತ್ತೇವೆ. ಜೋಡಿಗಳನ್ನು ಎಣಿಸುವುದೇ ಕೆಲಸ. ಎಣಿಕೆ ನೋಡಿ, ಸ್ಥಾವರದ ಬಾಗಿಲು ತೆರೆಯದೆಯೇ ಒಳಗೆ ಒಡೆತ ನಡೆದಿದೆಯೋ ಇಲ್ಲವೋ, ಎಷ್ಟು ನಡೆದಿದೆ, ಇಂಧನ ಎಷ್ಟು ಹಳೆಯದಾಗಿದೆ ಎಂದು ಹೇಳಬಹುದು. ಮುಚ್ಚಳ ತೆಗೆಯದೆ ಗಡಿಗೆಯಲ್ಲಿ ಏನು ಬೇಯುತ್ತಿದೆ ಎಂದು ಹೇಳಿದಂತೆ. ಹೇಳಬಹುದು ಎಂಬುದು ಪುಸ್ತಕದ ಮಾತು. ದಂಡಗಳನ್ನು ಜೋಡಿಸಿದ ನಮ್ಮ ಪೆಟ್ಟಿಗೆ ಹೇಳುತ್ತದೋ ಇಲ್ಲವೋ ಎಂಬುದು ಬೇರೆ ಮಾತು.

ಮಿಣುಕು ಎಂದರೆ ಎಷ್ಟು ಸಣ್ಣದು ಎಂದು ತಿಳಿಯದೆ ನಾನು ಮಾಡಿದ ಮೊದಲ ಘನಕಾರ್ಯ ಕಂಬಳಿಯದು. ದಂಡಗಳಿಗೆ ಹೊರಗಿನ ಬೆಳಕು ಒಂದು ಸೂಜಿಮೊನೆಯಷ್ಟೂ ತಾಗಬಾರದು. ತಾಗಿದರೆ ಯಂತ್ರ ಹುಚ್ಚು ಹಿಡಿದಂತೆ ಎಣಿಸತೊಡಗುತ್ತದೆ. ಒಮ್ಮೆ ಎಲ್ಲಿಂದಲೋ ಬೆಳಕು ಸೋರಿ, ವಾರಗಟ್ಟಲೆ ಕಪ್ಪು ಪಟ್ಟಿ ಅಂಟಿಸಿ ಅಂಟಿಸಿ ನಮಗೆ ಸಾಕಾಗಿತ್ತು. ನಾನು ಕುರುಬರ ಮನೆಯವನು. ರಜೆಗೆ ಊರಿಗೆ ಬಂದವನು ಹೊಸ ಕರಿ ಕಂಬಳಿಯೊಂದನ್ನು ತೆಗೆದುಕೊಂಡು ಹೋದೆ. ಮಳೆಯೇ ದಾಟದ ಕಂಬಳಿ, ಬೆಳಕು ದಾಟುತ್ತದೆಯೇ ಎಂದು ಎಲ್ಲರ ಮುಂದೆ ಹೇಳಿ ಹೊದಿಸಿದೆ. ನಮ್ಮ ವಿಭಾಗದ ಮುಖ್ಯಸ್ಥರು ದೇಶಮುಖ ಸಾಹೇಬರು, ಮಾತು ಬಹಳ ಕಡಿಮೆ. ಅವರು ಯಂತ್ರದ ಪರದೆ ನೋಡಿದರು, ಕಂಬಳಿ ನೋಡಿದರು. "ಬೀರಪ್ಪ, ಇದು ಕುರಿ ಕಾಯಲು ಒಳ್ಳೆಯದು" ಎಂದರು ಹಿಂದಿಯಲ್ಲಿ. ಕಂಬಳಿಯಲ್ಲಿದ್ದ ತೂತುಗಳು ನಮ್ಮ ಕಣ್ಣಿಗೆ ಕಾಣದಿದ್ದರೂ ಯಂತ್ರಕ್ಕೆ ಜರಡಿಯಂತೆ ಕಂಡಿದ್ದವು. ಸಾಹೇಬರಿಗೆ ಸೊಂಟನೋವಿತ್ತು. ಕಂಬಳಿಯನ್ನು ತಮ್ಮ ಕುರ್ಚಿಗೆ ಹಾಸಿಕೊಂಡರು. ಅವರು ನಿವೃತ್ತರಾಗುವವರೆಗೂ ಅದು ಅಲ್ಲಿಯೇ ಇತ್ತು.

ಡಾಕ್ಟರ್ ಪದ್ಮಾವತಿ ಮೇಡಂ ಬಂದ ಮೇಲೆ ಕೆಲಸದ ರೀತಿ ಬದಲಾಯಿತು. ಅವರು ಗದ್ವಾಲದ ನೇಕಾರರ ಮನೆಯ ಮಗಳು. ಮೊದಲ ದಿನ ನನ್ನ ಹಿಂದಿ ಕೇಳಿದವರೇ ಕನ್ನಡಕ್ಕೆ ತಿರುಗಿದರು.

"ನಿಮ್ದು ಯಾವೂರ್ರಿ?"

"ಮಕ್ತಲ್ ಕಡಿ ರೀ."

"ಹಂಗಂದ್ರ ನದಿ ಆಚಿಯವ್ರು" ಎಂದರು. ಅಷ್ಟೇ ಪರಿಚಯ. ಆಮೇಲೆ ನಾನು ಹಾಳೆ ಸುತ್ತಿಟ್ಟಿದ್ದ ಒಂದು ದಂಡ ಎತ್ತಿಕೊಂಡು ಅಂಚಿನ ಮೇಲೆ ಬೆರಳಾಡಿಸಿದರು. ಎರಡು ಕಡೆ ಸುಕ್ಕು ಸಿಕ್ಕಿತು.

"ಇದನ್ನ ಬಿಚ್ಚ್ರಿ."

ಆ ಹೊತ್ತಿಗೆ ನಾನು ನಲವತ್ತು ದಂಡ ಸುತ್ತಿದ್ದೆ. "ಎಷ್ಟು ಬಿಚ್ಚಬೇಕ್ರಿ?" ಎಂದೆ.

"ಎಲ್ಲಾ."

ಅವರ ಮನೆಯಲ್ಲಿ ಸೀರೆಯ ಅಂಚಿನಲ್ಲಿ ಒಂದು ಎಳೆ ತಪ್ಪಿದರೆ, ತಪ್ಪಿದಲ್ಲಿಯವರೆಗೂ ಬಿಚ್ಚಿ ಮತ್ತೆ ನೇಯುತ್ತಾರಂತೆ. ಆ ಕಾಯಿದೆಯನ್ನು ಮೇಡಂ ದಂಡಗಳಿಗೂ ಹಾಕಿದರು, ತಂತಿಗಳಿಗೂ ಹಾಕಿದರು, ನಾನು ಬರೆಯುವ ವರದಿಗಳಿಗೂ ಹಾಕಿದರು. ಎರಡು ವರ್ಷ ನಾನು ಮಾಡಿದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚು.

ಹಾಳೆ ಸುತ್ತುವ ಕೆಲಸ ನಮ್ಮ ಕೈಗೆ ಒಗ್ಗದೆಂದು ಅವರಿಗೆ ಖಾತ್ರಿಯಾದಾಗ, ನಾರಾಯಣಪೇಟೆಯ ನೇಕಾರ ಹೆಣ್ಣುಮಕ್ಕಳಿಂದ ಮಾಡಿಸೋಣ ಎಂದರು. ಅದಕ್ಕೆ ಅನುಮತಿ ಬರಲು ಎಂಟು ತಿಂಗಳು ಹಿಡಿಯಿತು. ಸುತ್ತಲು ಮೂರು ವಾರ. ನಾರಾಯಣಪೇಟೆಯಲ್ಲಿ ಒಂದು ಷೆಡ್ಡು ಹಿಡಿದು, ನೆಲ ತೊಳೆದು, ನಾಲ್ವರು ಹೆಂಗಸರಿಗೆ ಕೈಗವಸು ಕೊಟ್ಟು ಕೂರಿಸಿದೆವು. ಅವರಲ್ಲಿ ಹಿರಿಯಳು ನರಸಮ್ಮ. ಹಾಳೆಯನ್ನು ಬೆಳಕಿಗೆ ಹಿಡಿದು ಅತ್ತಿತ್ತ ತಿರುಗಿಸಿ ಕೇಳಿದಳು: "ಇದರ ಬಲಮಗ್ಗಲು ಯಾವುದ್ರೀ?"

"ಎರಡೂ ಕಡಿ ಒಂದೇ ಕಾಣ್ತದವ್ವ."

"ನಿಮಗ ಕಾಣ್ತದ" ಎಂದಳು ಆಕೆ.

ಗ್ಯಾಡೋಲಿನಿಯಂ ಬಳಿದ ಮಗ್ಗಲು ಒಳಗಿರಬೇಕು, ಕಾಗದದಲ್ಲಿ ಹಾಗೆಂದೇ ಬರೆದಿತ್ತು. ಲ್ಯಾಬಿನಲ್ಲಿ ನಾನು ಸುತ್ತಿದ್ದರಲ್ಲಿ ಕೆಲವು ತಿರುವುಮುರುವಾಗಿದ್ದವು ಎಂದು ನನಗೆ ತಿಳಿದದ್ದು ಆಗ. ಎಷ್ಟೆಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೇಗೂ ಬಿಚ್ಚಿಯೇ ಅವರಿಂದ ಸುತ್ತಿಸುವುದಿತ್ತು, ಬಿಚ್ಚುವಾಗ ನಾನೊಬ್ಬನೇ ಎಣಿಸಿದೆ. ಈಗ ಹೇಳುತ್ತೇನೆ, ಹನ್ನೊಂದು.

ಕೊನೆಯ ದಿನ ಸುತ್ತಿದ ದಂಡಗಳನ್ನು ಸಾಲಾಗಿ ಇಟ್ಟಾಗ ನರಸಮ್ಮ, "ಇಷ್ಟು ಚೆಂದ ಸುತ್ತೀವಿ, ಇದನ್ನ ಯಾರು ನೋಡ್ತಾರ್ರೀ?" ಎಂದಳು. ಯಾರೂ ನೋಡುವುದಿಲ್ಲ, ಸೀಸದ ಗೋಡೆಯ ಒಳಗಿಟ್ಟು ಮುಚ್ಚಿಬಿಡುತ್ತೇವೆ ಎಂದೆ. ಆಕೆ ಕೈಯಲ್ಲಿದ್ದ ಕೊನೆಯ ದಂಡವನ್ನು ಬಿಚ್ಚಿ ಇನ್ನೊಮ್ಮೆ ಸುತ್ತಿದಳು.

ಪೆಟ್ಟಿಗೆ ಕಟ್ಟಿ ಮುಗಿದ ಮೇಲೆ ಮೇಲಿನಿಂದ ದೊಡ್ಡ ಅಧಿಕಾರಿಯೊಬ್ಬರು ನೋಡಲು ಬಂದರು. "ಇದರಲ್ಲಿ ಸೂರ್ಯನ ನ್ಯೂಟ್ರಿನೋಗಳೂ ಸಿಗುತ್ತವಲ್ಲವೇ?" ಎಂದು ಕೇಳಿದರು. ಮೇಡಂ ಇಲ್ಲ ಎಂದರು. ಅಧಿಕಾರಿಗಳಿಗೆ ಬೇಸರವಾಯಿತು. ಮೇಡಂ ಬಿಡಿಸಿ ಹೇಳಿದರು. ಸ್ಥಾವರದಲ್ಲಿ ದೊಡ್ಡ ಪರಮಾಣು ಒಡೆಯುತ್ತದೆ, ಸೂರ್ಯನಲ್ಲಿ ಸಣ್ಣವು ಕೂಡುತ್ತವೆ. ಒಡೆದಲ್ಲಿ ಹುಟ್ಟುವುದು ಆಂಟಿನ್ಯೂಟ್ರಿನೋ, ಕೂಡಿದಲ್ಲಿ ಹುಟ್ಟುವುದು ನ್ಯೂಟ್ರಿನೋ. ನಮ್ಮ ಜೋಡಿ ಮಿಣುಕು ಮೊದಲನೆಯದಕ್ಕೆ ಮಾತ್ರ. ಸೂರ್ಯನದನ್ನು ಹಿಡಿಯಲು ನೆಲದಾಳದಲ್ಲಿ ಕೆರೆಯಷ್ಟು ದೊಡ್ಡ ತೊಟ್ಟಿಗಳು ಬೇಕು. ಸೂರ್ಯನ ಹೊಟ್ಟೆಯಲ್ಲಿ ಹುಟ್ಟಿದ ಬೆಳಕು ಮೇಲೆ ಬರಲು ಸಾವಿರಾರು ವರ್ಷ ತಡಕಾಡುತ್ತದೆ, ನ್ಯೂಟ್ರಿನೋ ಎಂಟು ನಿಮಿಷದಲ್ಲಿ ನಮ್ಮ ಅಂಗಳಕ್ಕೆ ಬರುತ್ತದೆ. ಸೂರ್ಯ ಇವತ್ತು ಉರಿಯುತ್ತಿದ್ದಾನೋ ಇಲ್ಲವೋ ಎಂಬುದಕ್ಕೆ ಅದೊಂದೇ ಸಾಕ್ಷಿ. ಅಧಿಕಾರಿಗಳು ಎಲ್ಲವನ್ನೂ ಗಮನವಿಟ್ಟು ಕೇಳಿ, "ಅದನ್ನೂ ಸೇರಿಸಿ" ಎಂದರು. ಮಾಸಿಕ ವರದಿಯಲ್ಲಿ 'ಸೌರ' ಎಂಬ ಕಲಂ ಸೇರಿತು. ನಿವೃತ್ತಿಯವರೆಗೆ ಪ್ರತಿ ತಿಂಗಳೂ ಅದರಲ್ಲಿ ನಾನು 'ಇಲ್ಲ' ಎಂದು ತುಂಬಿದ್ದೇನೆ.

ಈ ಕೂಡುವ, ಒಡೆಯುವ ಕಥೆಯನ್ನು ಊರಿಗೆ ಬಂದಾಗ ಅವ್ವನಿಗೆ ಹೇಳಿದೆ. ಅವ್ವ ದಿನಾ ಬೆಳಿಗ್ಗೆ ಸೂರ್ಯನಿಗೆ ಕೈ ಮುಗಿಯುವವಳು.

"ಅಂವ ದೇವ್ರು, ಕೂಡಸ್ತಾನ. ನೀವು ಒಡಿತೀರಿ. ಅಂಜಿಕಿ ಬರಂಗಿಲ್ಲೇನು ನಿಮಗ?"

"ಗ್ವಾಡಿ ಅದಾವವ್ವ, ಇಷ್ಟು ದಪ್ಪ."

"ಗ್ವಾಡಿ ದಾಟಿ ಬರತಾವು ಅಂತ ನೀನ ಹೇಳ್ದಿ" ಎಂದಳು. ಆಕೆ ಒಳಗೆ ಹೋಗಿ ಒಂದು ಬಟ್ಟೆಯ ಚೀಲದ ತುಂಬ ಭಂಡಾರ ತುಂಬಿ, ಬಾಯಿ ಹೊಲಿದು ತಂದುಕೊಟ್ಟಳು.

ಭಂಡಾರ ಎಂದರೆ ಮೈಲಾರನ ಅರಿಶಿಣ ಪುಡಿ. ನಮ್ಮ ಮನೆತನಕ್ಕೆ ಅದರದೊಂದು ಪದ್ಧತಿ ಉಂಟು. ಕುರಿ ಮೇಯಿಸಲು ದೂರ ಹೊರಟಾಗ ಭಂಡಾರದ ಚೀಲ ಹಿಂಡಿನ ಜೊತೆ ಇರಬೇಕು. ಹಿಂಡು ತಂಗಿ ನಿಂತಾಗ ಚೀಲ ಇಳಿಸಿ ದೇವರ ಮುಂದೆ ಇಡಬೇಕು. ಕೆಲಸ ನಡೆದಿರುವಾಗ ದೇವರು ಕಾಯುತ್ತಾನೆ. ಕೆಲಸ ನಿಂತಾಗ ಅವನನ್ನೂ ನಿಲ್ಲಿಸಿಕೊಳ್ಳಬಾರದು, ಅವನಿಗೂ ವಿಶ್ರಾಂತಿ ಬೇಕು. ನಮ್ಮ ಅಜ್ಜ, ಅಪ್ಪ ಎಲ್ಲರೂ ನಡೆಸಿಕೊಂಡು ಬಂದದ್ದು. ಈ ಪದ್ಧತಿಯಲ್ಲಿ ಏನಾದರೂ ದೋಷವಿದೆಯೆಂದು ಇವತ್ತಿಗೂ ನನಗೆ ಅನ್ನಿಸುವುದಿಲ್ಲ. ದೋಷ ನಾನು ಅದನ್ನು ಒಯ್ದ ಜಾಗದಲ್ಲಿತ್ತು.

ಪೆಟ್ಟಿಗೆಯನ್ನು ಸ್ಥಾವರದ ಪಕ್ಕದ ನೆಲಮನೆಗೆ ಸಾಗಿಸಿದೆವು. ಆ ವರ್ಷವೇ ಸ್ಥಾವರವನ್ನು ದುರಸ್ತಿಗೆ ನಿಲ್ಲಿಸುವವರಿದ್ದರು. ದೇಶಮುಖ ಸಾಹೇಬರು ಎಲ್ಲರನ್ನೂ ಕರೆದು ಎರಡೇ ಮಾತು ಹೇಳಿದರು. ಸ್ಥಾವರ ನಿಂತಾಗ ಜೋಡಿಗಳ ಎಣಿಕೆ ಇಳಿದರೆ ಪೆಟ್ಟಿಗೆ ಉಳಿಯುತ್ತದೆ. ಇಳಿಯದಿದ್ದರೆ ಪೆಟ್ಟಿಗೆ ಗುಜರಿಗೆ, ಕೋಣೆ ಉಗ್ರಾಣಕ್ಕೆ. ಮೇಡಂ ಆ ಪೆಟ್ಟಿಗೆಗೆ ಒಂಬತ್ತು ವರ್ಷ ಕೊಟ್ಟಿದ್ದರು. ಅವರ ಜೊತೆಯವರು ಅಷ್ಟರಲ್ಲಿ ಎಷ್ಟೋ ಮೇಲಿನ ಹುದ್ದೆಗಳಿಗೆ ಹೋಗಿದ್ದರು.

ಎಣಿಕೆ ಶುರುವಾಗುವ ದಿನ ನಾನು ಕೊನೆಯದಾಗಿ ಸೀಸದ ಬಾಗಿಲು ಮುಚ್ಚುವವನಿದ್ದೆ. ಅವ್ವನ ಚೀಲವನ್ನು ಹತಾರದ ಪೆಟ್ಟಿಗೆಯಲ್ಲಿ ತಂದಿದ್ದೆ. ಗೇಟಿನಲ್ಲಿ ಹೊರಗೆ ಹೋಗುವುದನ್ನು ಜಾಲಾಡುತ್ತಿದ್ದರು, ಒಳಗೆ ಬರುವುದನ್ನು ಅಷ್ಟಾಗಿ ಕೇಳುತ್ತಿರಲಿಲ್ಲ. ಕೆಳಸಾಲಿನ ದಂಡಗಳಿಗೂ ಸೀಸಕ್ಕೂ ನಡುವೆ ಒಂದು ಸಂದು ಇತ್ತು. ಅಲ್ಲಿ ಚೀಲ ಇಟ್ಟು, ಕೈ ಮುಗಿದು, ಬಾಗಿಲು ಹಾಕಿದೆ. ಆರು ವಾರ ಸ್ಥಾವರ ನಡೆಯಿತು. ನಿಲ್ಲಿಸಿದ ದಿನ ತಪಾಸಣೆಗೆಂದು ಬಾಗಿಲು ತೆಗೆದಾಗ ಪದ್ಧತಿಯಂತೆ ಚೀಲ ತೆಗೆದುಕೊಂಡೆ. ರಜೆ ಹಾಕಿ ಊರಿಗೆ ಬಂದು ದೇವರ ಮುಂದೆ ಇಟ್ಟೆ. ಎಲ್ಲ ಸರಿಯಾಗಿ ಮಾಡಿದೆನೆಂಬ ಸಮಾಧಾನ ನನಗಿತ್ತು.

ಎರಡು ವಾರದ ಮೇಲೆ ಮೇಡಂ ಫೋನು ಮಾಡಿದರು.

"ಇಳೀತ್ರಿ, ಬೀರಪ್ಪನವ್ರ! ಬರೋಬರಿ ನಿಂತ ದಿವ್ಸ ಇಳೀತು!"

ಮೇಡಂ ನಗುವುದನ್ನು ನಾನು ಕೇಳಿದ್ದು ಅದೇ ಮೊದಲು. ಹೈದರಾಬಾದಿನ ಒಂದು ದೊಡ್ಡ ಸಭೆಯಲ್ಲಿ ಸೋಮವಾರ ಇದನ್ನು ಓದುತ್ತೇನೆ, ಅಷ್ಟರೊಳಗೆ ಎರಡು ದಿನ ಗದ್ವಾಲಕ್ಕೆ ಬಂದು ನಾಯನನ್ನು ನೋಡಿ ಹೋಗುತ್ತೇನೆ ಎಂದರು. ನಾಯನ ಎಂದರೆ ಅವರ ತಂದೆ. ನಾನು ಮಕ್ತಲದಲ್ಲಿ ಓಣಿಗೆಲ್ಲ ಪೇಢೆ ಹಂಚಿದೆ. ಏನು ಸಿಕ್ಕಿತು ಎಂದು ಕೇಳಿದವರಿಗೆ, ಕಡಿಮೆ ಸಿಕ್ಕಿತು, ಅದಕ್ಕೇ ಪೇಢೆ ಎಂದೆ. ಅವರು ಪೇಢೆ ತಿಂದರು.

ಶುಕ್ರವಾರ ಅವ್ವನನ್ನು ನಾರಾಯಣಪೇಟೆಗೆ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಕಾಲು ಬಾತಿದ್ದವು. ಮೂತ್ರಪಿಂಡ ಸ್ವಲ್ಪ ಸೋತಿದೆ, ಗಾಬರಿ ಬೇಡ, ಊಟದಲ್ಲಿ ಪಥ್ಯ ಸಾಕು ಎಂದು ತೆಲುಗಿನಲ್ಲಿ ಅಚ್ಚು ಹಾಕಿದ ಒಂದು ಪಟ್ಟಿ ಕೊಟ್ಟರು. ತಿರುಗಿ ಬರುವ ಬಸ್ಸಿನಲ್ಲಿ ನಾನು ಅದನ್ನು ಕನ್ನಡ ಮಾಡಿ ಓದುತ್ತಿದ್ದೆ.

"ಬಾಳಿಹಣ್ಣು ಬ್ಯಾಡ. ಎಳನೀರು ಬ್ಯಾಡ. ಆಲೂಗಡ್ಡಿ ಬ್ಯಾಡ. ಅರಿಶಿಣ ಕಡಿಮಿ."

"ಬಾಳಿಹಣ್ಣು ಬಿಡ್ತೀನಿ. ಅರಿಶಿಣ ಯಾಕ?"

"ಅದ್ರಾಗ ಪೊಟ್ಯಾಸಿಯಂ ಭಾಳ ಐತಂತವ್ವ."

"ಹಂಗಾರ ಬಂಡಾರನೂ ಬಾಯಾಗ ಹಾಕ್ಕೊಬಾರದೇನು? ಅದೂ ಅರಿಶಿಣಾನ ಅಲ್ಲೇನು?"

ನಾನು ಮುಂದೆ ಓದಲಿಲ್ಲ.

ಪೊಟ್ಯಾಸಿಯಂ ಎಲ್ಲಿದ್ದರೂ ಅದರಲ್ಲಿ ಒಂದು ಸಣ್ಣ ಪಾಲು ಹುಟ್ಟಾ ವಿಕಿರಣ ಸೂಸುತ್ತಿರುತ್ತದೆ. ತಿನ್ನುವವರಿಗೆ ಅದರಿಂದ ಏನೂ ಆಗುವುದಿಲ್ಲ. ಆದರೆ ನಮ್ಮ ಪೆಟ್ಟಿಗೆಯಂಥ ಪೆಟ್ಟಿಗೆಯಲ್ಲಿ ಅದು ಬಿಡಿ ಮಿಣುಕುಗಳನ್ನು ಎಬ್ಬಿಸುತ್ತದೆ. ಬಿಡಿ ಮಿಣುಕು ಹೆಚ್ಚಾದಷ್ಟೂ, ಸಂಬಂಧವಿಲ್ಲದ ಎರಡು ಮಿಣುಕು ಆಕಸ್ಮಿಕವಾಗಿ ಒಂದರ ಹಿಂದೊಂದು ಬಂದು ಜೋಡಿಯಂತೆ ಕಾಣುವುದೂ ಹೆಚ್ಚು. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಬಾಳೆಹಣ್ಣು, ಬೂದಿ, ಉಪ್ಪು ಪೆಟ್ಟಿಗೆಯ ಹತ್ತಿರ ತರಬಾರದು ಎಂಬ ಫಲಕ ಬ‌ರೆದವನೇ ನಾನು, ಮೂರು ಭಾಷೆಯಲ್ಲಿ. ಭಂಡಾರ ಎಂಬುದು ಒಂದು ಪದಾರ್ಥ, ಅದರಲ್ಲಿ ಏನಾದರೂ ಇರುತ್ತದೆ ಎಂದು ನನಗೆ ಹೊಳೆದೇ ಇರಲಿಲ್ಲ. ಅದು ದೇವರದು.

ಸ್ಥಾವರ ನಡೆದಾಗ ಚೀಲ ಒಳಗಿತ್ತು. ನಿಂತಾಗ ಚೀಲ ಹೊರಗಿತ್ತು. ಎಣಿಕೆಯ ನಕ್ಷೆಯಲ್ಲಿ ಇಳಿದ ಗೆರೆ ಸ್ಥಾವರದ್ದೋ ನನ್ನ ಚೀಲದ್ದೋ, ಯಾರು ಹೇಳಬೇಕು? ಸೋಮವಾರ ಮೇಡಂ ಅದನ್ನು ಸಭೆಯ ಮುಂದೆ ಓದುವವರಿದ್ದರು.

ಹೊಸಬರಿಗೆ ಇದನ್ನು ಮುಚ್ಚಿಡದೆ ಹೇಳಬೇಕು: ಸುಮ್ಮನಿರೋಣ ಎಂದು ನಾನು ಯೋಚಿಸಿದೆ. ಚೀಲದ ವಿಷಯ ನನಗೂ ಅವ್ವನಿಗೂ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಹೇಳಿದರೆ ಮೇಡಂ ಅವರ ಒಂಬತ್ತು ವರ್ಷ ಹೋಗುತ್ತದೆ, ಹೇಳದಿದ್ದರೆ ಅವರ ಹೆಸರಿನಲ್ಲಿ ಸುಳ್ಳು ನಿಲ್ಲುತ್ತದೆ. ಯಾವುದು ಅವರಿಗೆ ಹೆಚ್ಚು ಕೆಡುಕು ಎಂದು ತೂಗಿ ತೂಗಿ ನೋಡಿದೆ, ಎರಡೂ ಸಮವೇ ಇದ್ದವು. ಕೊನೆಗೆ ಫೋನು ಮಾಡಿದೆ. ಅವರ ಫೋನು ಬಂದ್ ಆಗಿತ್ತು. ಮತ್ತೆ ಮಾಡಿದೆ, ಬಂದ್ ಆಗಿಯೇ ಇತ್ತು. ಶನಿವಾರ ಬೆಳಿಗ್ಗೆ ಆ ಚೀಲವನ್ನೇ ಕೈಚೀಲಕ್ಕೆ ಹಾಕಿಕೊಂಡು ಗದ್ವಾಲದ ಬಸ್ಸು ಹತ್ತಿದೆ. ಜುರಾಲ ಅಣೆಕಟ್ಟಿನ ಮೇಲೆ ಬಸ್ಸು ಹೋಗುವಾಗ ಎಲ್ಲರೂ ಕಿಟಕಿಯಿಂದ ನೀರು ನೋಡುತ್ತಿದ್ದರು. ನನಗೆ ಇಳಿದು ವಾಪಸ್ಸು ಹೋಗುವ ಬಸ್ಸು ಹಿಡಿಯಬೇಕೆನಿಸುತ್ತಿತ್ತು.

ಮೇಡಂ ಅವರ ತಂದೆ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದರು. ಮೇಡಂ ಪಕ್ಕದಲ್ಲಿ ರಾಟೆ ಇಟ್ಟುಕೊಂಡು ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಿದ್ದರು. ಅಷ್ಟು ದೊಡ್ಡ ವಿಜ್ಞಾನಿ ಹಾಗೆ ಕುಳಿತದ್ದು ನೋಡಿ ನಾನು ಹೊಸ್ತಿಲಲ್ಲೇ ನಿಂತೆ.

"ಏನ್ರೀ, ಇಷ್ಟು ದೂರ?" ಎಂದರು.

"ಮೇಡಂ, ನನ್ನಿಂದ ಒಂದು ತಪ್ಪಾಗೈತಿ."

ನಿಂತುಕೊಂಡೇ ಎಲ್ಲ ಹೇಳಿದೆ. ಅವ್ವ, ಚೀಲ, ಸಂದು, ನಿಂತ ದಿನ ತೆಗೆದದ್ದು, ಡಾಕ್ಟರರ ಪಟ್ಟಿ. ಮೇಡಂ ರಾಟೆ ನಿಲ್ಲಿಸಲಿಲ್ಲ. ಕಂಡಿಕೆ ತುಂಬಿದ ಮೇಲೆ ತೆಗೆದು ತಂದೆಯ ಕೈಗೆ ಕೊಟ್ಟರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು.

"ತೂಕ ಎಷ್ಟಿತ್ರಿ?"

"ತೂಕ ಮಾಡಿಲ್ರಿ. ತಂದೀನಿ."

"ನಾಯನಾ, ಆ ತಕ್ಕಡಿ ಕೊಡು."

"ಅದು ಜರಿ ತೂಗೋದಮ್ಮಾ. ದೇವ್ರ ಬಂಡಾರ ಅದ್ರಾಗ ಇಡಬಹುದೇನು?" ಎಂದು ತಂದೆ ನನ್ನ ಕಡೆ ನೋಡಿದರು. ಇಡಬಹುದು ಎಂದೆ. ಅವರು ಮಗ್ಗದಿಂದ ಮೇಲೆದ್ದು, ಕೈ ತೊಳೆದು, ಚೀಲದ ಹೊಲಿಗೆ ಸಡಿಲಿಸಿ ಒಂದು ಚಿಟಿಕೆ ಹಣೆಗೆ ಹಚ್ಚಿಕೊಂಡು ಆಮೇಲೆ ತಕ್ಕಡಿಗೆ ಇಟ್ಟರು. ಆ ಚಿಟಿಕೆಯನ್ನೂ ಮೇಡಂ ಅಂದಾಜು ಮಾಡಿ ಕೂಡಿಸಿದರು. ಅರ್ಧ ಕಿಲೋಗಿಂತ ತುಸು ಕಡಿಮೆ ಬಂತು.

ಸೀರೆಯ ಅಂಚಿನ ನವಿಲು ಬಿಡಿಸಿದ ಒಂದು ಚೌಕುಳಿ ಕಾಗದ ಅಲ್ಲಿ ಬಿದ್ದಿತ್ತು. ಮೇಡಂ ಅದರ ಬೆನ್ನ ಮೇಲೆ ಪೆನ್ಸಿಲ್ಲಿನಿಂದ ಲೆಕ್ಕ ಹಾಕಿದರು. ಅರಿಶಿಣದಲ್ಲಿ ಪೊಟ್ಯಾಸಿಯಂ ಎಷ್ಟು, ಅದರಿಂದ ಮಿಣುಕು ಎಷ್ಟು, ಆಕಸ್ಮಿಕ ಜೋಡಿ ಎಷ್ಟು. ಹತ್ತು ನಿಮಿಷ ಹಿಡಿಯಿತು. ನಾನು ನಿಂತೇ ಇದ್ದೆ.

"ಇಳಿದದ್ರಾಗ ಅರ್ಧಕ್ಕಿಂತ ಹೆಚ್ಚು ನಿಮ್ಮ ಚೀಲದ್ದ ಐತಿ" ಎಂದರು.

"ಉಳಿದದ್ದು ಖರೆ ಅಲ್ಲೇನ್ರಿ?"

"ಖರೆ ಇರಬಹುದು, ಇಲ್ದಾನೂ ಇರಬಹುದು. ಇಷ್ಟರ ಮ್ಯಾಲ ಹೇಳಾಕ ಬರಂಗಿಲ್ಲ."

ಮತ್ತೆ ಮಗ್ಗಕ್ಕೆ ಇಳಿದಿದ್ದ ತಂದೆ, "ಏನಾಯ್ತಮ್ಮಾ?" ಎಂದರು.

"ಬಿಚ್ಚಬೇಕು, ನಾಯನಾ."

"ಎಷ್ಟು?"

"ಎಲ್ಲಾ."

ಅವರು ತಲೆ ಆಡಿಸಿ ನೇಯಲು ತೊಡಗಿದರು. ಆ ಮನೆಯಲ್ಲಿ ಅದು ದೊಡ್ಡ ಸುದ್ದಿಯಲ್ಲ. ನನಗೆ ಮಾತ್ರ ತಡೆಯಲಾಗಲಿಲ್ಲ. ನಲವತ್ತೈದರ ಗಂಡಸು, ಅವರ ಪಡಸಾಲೆಯಲ್ಲಿ ನಿಂತು ಅತ್ತುಬಿಟ್ಟೆ. ಮೇಡಂ ಫೋನು ಹಚ್ಚಿ ಸಭೆಯವರಿಗೆ ಬರುವುದಿಲ್ಲವೆಂದು ಬರೆದರು. ದೇಶಮುಖ ಸಾಹೇಬರಿಗೂ ಬರೆದರು. ಆಮೇಲೆ ನನಗೆ ರೊಟ್ಟಿ ಹಾಕಿದರು. ತಿಂದೆ, ಹಸಿವಾಗಿತ್ತು.

ಸಾಹೇಬರ ಕೋಣೆಯಲ್ಲಿ ನನ್ನ ಹೇಳಿಕೆ ಬರೆದುಕೊಟ್ಟೆ. ಅವರು ಅದನ್ನು ಎರಡು ಸಲ ಓದಿದರು. ಆಮೇಲೆ ಕಂಬಳಿಗೆ ಒರಗಿ, ಹೋಗು ಎಂದು ಸನ್ನೆ ಮಾಡಿದರು. ನನಗೆ ಎಚ್ಚರಿಕೆ ಪತ್ರ ಬಂತು. ಆದರೆ ಮೇಲಿನವರಿಗೆ ಅವರು ಬರೆದ ಟಿಪ್ಪಣಿಯನ್ನು ನಾನೇ ಟೈಪು ಮಾಡಿದೆ: ಅರ್ಧ ಕಿಲೋ ಅರಿಶಿಣವನ್ನು ಗುರುತಿಸಬಲ್ಲ ಪೆಟ್ಟಿಗೆಯನ್ನು ಗುಜರಿಗೆ ಹಾಕುವುದು ಯೋಗ್ಯವಲ್ಲ, ಇನ್ನೊಂದು ದುರಸ್ತಿಯವರೆಗೆ ಅವಕಾಶ ಕೊಡಬೇಕು. ಕೊಟ್ಟರು.

ಫಲಕದಲ್ಲಿ ಹೊಸ ಸಾಲು ಬರೆದೆ: ಪ್ರಸಾದ, ವಿಭೂತಿ, ಕುಂಕುಮ, ಭಂಡಾರ ತರಬಾರದು. ಇಟ್ಟವರು ಒಂದು ವಾರದೊಳಗೆ ತೆಗೆಯಬೇಕು, ಹೆಸರು ಕೇಳುವುದಿಲ್ಲ ಎಂದು ಸಾಹೇಬರು ಹೇಳಿದರು. ವಾರದೊಳಗೆ ಆ ನೆಲಮನೆಯಿಂದ ಎರಡು ತಾಯತ, ಮೂರು ನಿಂಬೆಹಣ್ಣು, ಒಂದು ಪೊಟ್ಟಣ ವಿಭೂತಿ ಹೊರಬಿದ್ದವು. ವಿಭೂತಿ ಯಾರದೆಂದು ನನಗೆ ಗೊತ್ತು. ಅವರು ಡಾಕ್ಟರೇಟು ಮಾಡಿದವರು.

ಎಣಿಸುವ ರೀತಿಯೂ ಬದಲಾಯಿತು. ಎರಡನೆಯ ಮಿಣುಕನ್ನು ಬೇಕೆಂದೇ ಬಹಳ ತಡವಾಗಿ ಹುಡುಕುವುದು. ಅಷ್ಟು ತಡವಾಗಿ ನಿಜವಾದ ಜೋಡಿ ಬರಲು ಸಾಧ್ಯವಿಲ್ಲ, ಆದ್ದರಿಂದ ಅಲ್ಲಿ ಸಿಕ್ಕವೆಲ್ಲ ಆಕಸ್ಮಿಕ. ಅಷ್ಟನ್ನು ಒಟ್ಟು ಎಣಿಕೆಯಿಂದ ಕಳೆಯುವುದು. ಬೇರೆ ದೇಶಗಳಲ್ಲಿ ಮೊದಲೇ ಮಾಡುತ್ತಿದ್ದರು, ನಾವು ಮುಂದೆ ನೋಡೋಣ ಎಂದುಕೊಂಡಿದ್ದೆವು. ಹೊಸಬರು ಇದನ್ನು ಮೊದಲ ದಿನವೇ ಕಲಿಯುತ್ತಾರೆ. ಯಾಕೆ ಕಲಿಸುತ್ತಾರೆಂದು ಅವರಿಗೆ ಗೊತ್ತಿರುವುದಿಲ್ಲ.

ಆ ವರ್ಷ ಕೇಂದ್ರದಲ್ಲಿ ಎಲ್ಲರೂ ಹಿಂದಿನಿಂದ ಮೇಡಂ ಅವರನ್ನು 'ಹಳದಿ ಮೇಡಂ' ಎಂದು ಕರೆಯುತ್ತಿದ್ದರು. ಅವರಿಗೆ ಬರಬೇಕಿದ್ದ ಜಾಗಕ್ಕೆ ಬೇರೊಬ್ಬರು ಬಂದರು. ಮೇಡಂ ನನಗೆ ಒಂದು ಬಿರುಸು ಮಾತೂ ಆಡಲಿಲ್ಲ. ಕೆಲಸದ ಮಾತು ಹೇಳುವಾಗಲೂ ಯಂತ್ರದ ಕಡೆ ನೋಡಿಯೇ ಹೇಳುತ್ತಿದ್ದರು. ಬೈದಿದ್ದರೆ ಸಹಿಸುತ್ತಿದ್ದೆ, ಇದು ಕಷ್ಟವಾಯಿತು.

ಮುಂದಿನ ದುರಸ್ತಿ ಬಂತು. ಈ ಸಲ ನಾನು ಬಾಗಿಲು ಮುಟ್ಟಲಿಲ್ಲ. ಸ್ಥಾವರ ನಿಂತಿತು, ಮೂರು ವಾರ ಎಣಿಸಿದೆವು. ಗೆರೆ ಇಳಿಯಿತು. ಹಿಂದಿನ ಸಲದ ಅರ್ಧವೂ ಇಳಿಯಲಿಲ್ಲ, ಆದರೆ ಇಳಿಯಿತು. ಮೇಡಂ ನಗಲಿಲ್ಲ. ಇನ್ನೊಮ್ಮೆ ಎಣಿಸಿದರು, ಸ್ಥಾವರ ಮತ್ತೆ ಶುರುವಾದಾಗ ಗೆರೆ ಏರುವವರೆಗೆ ಕಾದರು. ಏರಿತು. ಗೋಡೆಯ ಆಚೆಗಿನ ಒಡೆತವನ್ನು ಈಚೆ ಕುಳಿತು ಕಂಡಂತಾಯಿತು. ಹೈದರಾಬಾದಿನ ಅದೇ ಸಭೆಯಲ್ಲಿ ಓದಿದರು. ಊಟದ ಹೊತ್ತಿನ ಮುಂಚಿನ ಪಾಳಿ, ಕೇಳಿದವರು ಹದಿನೈದಿಪ್ಪತ್ತು ಮಂದಿ. ಪೆಟ್ಟಿಗೆ ಉಳಿಯಿತು.

ಅವ್ವನಿಗೆ ಹೇಳಿದೆ. "ಬಂಡಾರ ಇಲ್ದಾನೂ ಆತೇನು?" ಎಂದಳು. ಆಯಿತು ಎಂದೆ. "ಅಂವ ಇಲ್ಲಿಂದನ ನೋಡ್ಕೊಂಡಾನ" ಎಂದಳು. ಅದನ್ನು ಅಲ್ಲವೆನ್ನುವ ಯಂತ್ರ ನಮ್ಮ ಹತ್ತಿರ ಇರಲಿಲ್ಲ.

ಆಮೇಲೆ ನಾನೂ ಮೇಡಂ ಅವರೂ ಹದಿನಾಲ್ಕು ವರ್ಷ ಒಂದೇ ಕೋಣೆಯಲ್ಲಿ ಕೆಲಸ ಮಾಡಿದೆವು. ನಾನು ನಿವೃತ್ತನಾದೆ, ಕೆಲ ದಿನಕ್ಕೆ ಅವರೂ ಆದರು. ಹೋದ ತಿಂಗಳು ಗದ್ವಾಲಕ್ಕೆ ಬಂದಿದ್ದೇನೆ, ಬನ್ನಿ ಎಂದು ಕರೆದರು. ಹೋದೆ. ಚಹಾ ಕುಡಿದೆವು. ಹಳೆಯ ಮಂದಿಯ ಮಾತಾಯಿತು. ಹೊಸಬರಿಗಾಗಿ ಈ ತಪ್ಪಿನ ಕಥೆ ಬರೆಯುತ್ತಿದ್ದೇನೆ, ನಿಮ್ಮ ಅಡ್ಡಿ ಇಲ್ಲವಷ್ಟೇ ಎಂದು ಕೇಳಿದೆ. ಮೇಡಂ ಕಪ್ಪು ಕೆಳಗಿಟ್ಟರು.

"ಬರೀರಿ. ಆದ್ರ ಪೂರ್ತಿ ಬರೀರಿ. ನೀವು ಬಂದ ಹಿಂದಿನ ದಿನಾನ ನಾನು ನೋಡಿದ್ದೆ ರೀ."

"ಏನು?"

"ಎಣಿಕಿ ಕಾಗದದಾಗ ಪೊಟ್ಯಾಸಿಯಂ ಮಿಣುಕು ಬೀಳೋ ಜಾಗಕ್ಕ ಗೆರಿ ಉಬ್ಬಿತ್ತು. ಸ್ಥಾವರ ನಿಂತ ಮ್ಯಾಲ ಉಬ್ಬು ಇರಲಿಲ್ಲ. ಏನೋ ಒಂದು ಒಳಗಿತ್ತು, ಯಾರೋ ತಗದಾರ ಅಂತ ತಿಳೀತು. ಫೋನ್ ಬಂದ್ ಮಾಡಿ, ಕಾಗದ ಮುಚ್ಚಿಟ್ಟು, ನಾಯನ ಹತ್ರ ಬಂದು ರಾಟಿ ಮುಂದ ಕುಂತೆ."

ಹಿಂದಿನ ದಿನ ಎಂದರೆ ಶುಕ್ರವಾರ, ನನ್ನ ಫೋನು ಹತ್ತದ ದಿನ ಎಂದು ಬೆರಳು ಮಡಿಸಿ ಎಣಿಸಿದೆ.

"ನೀವು ಬರದಿದ್ರ ಸೋಮವಾರ ಓದಿಬಿಡ್ತಿದ್ದೆ, ಬೀರಪ್ಪನವ್ರ" ಎಂದರು.

ಅವರ ಒಂಬತ್ತು ವರ್ಷ ಹಾಳು ಮಾಡಿದೆನೆಂದು ನಾನು ಹದಿನಾಲ್ಕು ವರ್ಷ ಅವರ ಮುಖ ನೋಡಿ ಮಾತಾಡಿರಲಿಲ್ಲ. ಅವರೂ ನನ್ನ ಮುಖ ನೋಡುತ್ತಿರಲಿಲ್ಲ. ಸಿಟ್ಟು ಎಂದುಕೊಂಡಿದ್ದೆ.